ಅಪ್‌ಡೇಟ್ ಹಂಚಲು ಪಿಸಿ ಲೆಕ್ಕದಲ್ಲಿ ದುಡ್ಡು ಕೇಳಿದರೆ ಸ್ವಲ್ಪ ತಡೆಯಿರಿ

ಕಾಲೇಜು ಲ್ಯಾಬ್, ಸಣ್ಣ ಆಫೀಸಿನ ಕಂಪ್ಯೂಟರ್ ನೋಡಿಕೊಳ್ಳುವವರು ದಯವಿಟ್ಟು ಓದಿ. ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಹಿಂದೆ ಮುಂದೆ ಆಗಿರಬಹುದು.

ವಿಂಡೋಸ್ ಅಪ್‌ಡೇಟ್ ಹಂಚುವ ಕೆಲಸಕ್ಕೆ ಒಬ್ಬ ವೆಂಡರ್ ಬಂದ. "ನಮ್ಮದೇ ಸಾಫ್ಟ್‌ವೇರ್ ಮೇಡಂ. ಸರ್ವರ್‌ಗೆ ಒಂದು ಸಲ ಇಳಿಸಿಕೊಂಡು ಎಲ್ಲ ಪಿಸಿಗೂ ಒಳಗಿಂದಲೇ ಹಂಚುತ್ತೆ. ಮೊದಲು ನಾಲ್ಕು ಪಿಸಿಗೆ ಹಾಕಿ ನೋಡ್ತೀವಿ, ಸರಿ ಇದ್ರೆ ಉಳಿದವಕ್ಕೆ." ಪಿಸಿಗೆ ಇಷ್ಟು ಅಂತ ವರ್ಷದ ಲೈಸೆನ್ಸ್. ಮ್ಯಾನೇಜ್‌ಮೆಂಟ್ ಒಪ್ಪಿತು, ಚೆಕ್ ಹೋಯಿತು.

ಮೈಕ್ರೋಸಾಫ್ಟ್ ತಿಂಗಳ ಅಪ್‌ಡೇಟ್ ಬಿಡುವುದು ಎರಡನೇ ಮಂಗಳವಾರ, ನಮಗೆ ಆಗ ರಾತ್ರಿ. ಬುಧವಾರ ಬೆಳಗ್ಗೆ ನಮ್ಮಲ್ಲಿ ಪ್ರಾಕ್ಟಿಕಲ್ ಪರೀಕ್ಷೆ. ಎಕ್ಸ್‌ಟರ್ನಲ್ ಬಂದು ಕೂತಿದ್ದಾರೆ, ಮಕ್ಕಳು ಪ್ರೋಗ್ರಾಂ ಬರೆಯುತ್ತಿದ್ದಾರೆ. ಒಂದರ ಹಿಂದೆ ಒಂದು ಪಿಸಿ ರೀಸ್ಟಾರ್ಟ್! ಇಡೀ ಸಾಲಿನಲ್ಲಿ ಬಿಳಿ ಚುಕ್ಕಿಗಳು ಸುತ್ತುತ್ತಿವೆ, 30% ಅಂತ ತೋರಿಸಿ ಅಲ್ಲೇ ನಿಂತಿವೆ. ಸೇವ್ ಮಾಡಿರದ ಒಬ್ಬಳು ಅಳುವುದಕ್ಕೇ ಶುರು ಮಾಡಿದಳು. ಎಕ್ಸ್‌ಟರ್ನಲ್ ನನ್ನ ಮುಖ ನೋಡಿದರು. ಮಾನ ಹೋಯಿತು.

ಫೋನ್ ಮಾಡಿದರೆ, "ಅಪ್‌ಡೇಟ್ ಮೈಕ್ರೋಸಾಫ್ಟ್‌ನವರದ್ದು ಮೇಡಂ, ನಮ್ಮದೇನಿದೆ?" ಮೊದಲು ನಾಲ್ಕು ಪಿಸಿಗೆ ಅಂದಿದ್ರಲ್ಲ? "ಇದೆಲ್ಲ ಟೆಕ್ನಿಕಲ್ಲು. ನಿಮ್ಮ ಐಟಿಯವರಿಗೆ ಫೋನ್ ಕೊಡಿ." ಐಟಿಯವಳು ನಾನೇ ಕಣಯ್ಯಾ!

ಅವತ್ತು ಸಂಜೆ ಒಂದು ಪಿಸಿಯ ರಿಜಿಸ್ಟ್ರಿ (ವಿಂಡೋಸ್ ತನ್ನ ಸೆಟ್ಟಿಂಗ್‌ಗಳನ್ನು ಇಟ್ಟುಕೊಳ್ಳುವ ಜಾಗ) ತೆರೆದೆ. ಅಪ್‌ಡೇಟ್ ಎಲ್ಲಿಂದ ತರಬೇಕು ಅಂತ ಹೇಳುವ ಡಬ್ಲ್ಯುಯುಸರ್ವರ್ (WUServer) ಅನ್ನುವ ಕಡೆ ನಮ್ಮ ಸರ್ವರ್ ಹೆಸರು, ಕೊನೆಗೆ 8530 ಅನ್ನುವ ಪೋರ್ಟ್ ನಂಬರ್. ಅದು ಡಬ್ಲ್ಯುಎಸ್‌ಯುಎಸ್ (WSUS) ಬಳಸುವ ನಂಬರ್! ಡಬ್ಲ್ಯುಎಸ್‌ಯುಎಸ್ ಅಂದರೆ ಅಪ್‌ಡೇಟ್ ಹಂಚುವುದಕ್ಕೇ ಇರುವ ಮೈಕ್ರೋಸಾಫ್ಟ್‌ನದ್ದೇ ಸಾಫ್ಟ್‌ವೇರ್, ವಿಂಡೋಸ್ ಸರ್ವರ್ ಜೊತೆಗೇ ಬರುವಂಥದ್ದು, ಅದಕ್ಕೆ ಬೇರೆ ದುಡ್ಡಿಲ್ಲ. ನಮ್ಮ ಸರ್ವರ್‌ನಲ್ಲೇ ಇದ್ದದ್ದನ್ನು ಆನ್ ಮಾಡಿ ನಮಗೇ ಮಾರಿದ್ದಾನೆ, ಅದೂ ಪಿಸಿ ಲೆಕ್ಕದಲ್ಲಿ. 2024ರ ಸೆಪ್ಟೆಂಬರ್‌ನಲ್ಲೇ ಮೈಕ್ರೋಸಾಫ್ಟ್ ಇದಕ್ಕೆ ಇನ್ನು ಹೊಸದೇನೂ ಸೇರಿಸುವುದಿಲ್ಲ ಎಂದಿದೆ. ಇವನು ಆಮೇಲೆ ಬಂದು "ಲೇಟೆಸ್ಟ್" ಅಂದ!

ಅದನ್ನು ನಡೆಸುವ ಪರದೆ, ಅಂದರೆ ಕನ್ಸೋಲ್ ನೋಡಿದರೆ ಪಿಸಿಗಳ ಒಂದು ಗ್ರೂಪೂ ಮಾಡಿಲ್ಲ. ಎಲ್ಲ ಪಿಸಿಗಳೂ ಅನ್‌ಅಸೈನ್ಡ್ ಕಂಪ್ಯೂಟರ್ಸ್ ಕೆಳಗೆ ಬಿದ್ದಿವೆ. ಯಾರನ್ನೂ ಕೇಳದೆ ಅಪ್‌ಡೇಟ್‌ಗೆ ಒಪ್ಪಿಗೆ ಕೊಡುವ ಆಟೋಮ್ಯಾಟಿಕ್ ಅಪ್ರೂವಲ್‌ಗೆ ಟಿಕ್ ಹಾಕಿ, ಇಷ್ಟರೊಳಗೆ ಹಾಕಲೇಬೇಕು ಅಂತ ಡೆಡ್‌ಲೈನ್ ಬೇರೆ ಕೊಟ್ಟಿದ್ದಾನೆ. ಡೆಡ್‌ಲೈನ್ ಮುಗಿದರೆ ಪಿಸಿ ಮುಂದೆ ಯಾರು ಕೂತಿದ್ದರೂ ರೀಸ್ಟಾರ್ಟ್ ಆಗುತ್ತೆ. ನಾಲ್ಕು ಪಿಸಿಯಂತೆ, ನಾಲ್ಕು ಪಿಸಿ!

ಕೇಳಿದ್ದಕ್ಕೆ, "ದುಡ್ಡು ಸಾಫ್ಟ್‌ವೇರ್‌ಗಲ್ಲ ಮೇಡಂ, ಸೆಟ್ಟಿಂಗ್ ಚಾರ್ಜು." ಬಿಲ್ಲಿನಲ್ಲಿ ಲೈಸೆನ್ಸ್ ಅಂತ ಇದೆಯಲ್ಲ? "ಅದು ಕಂಪ್ಯೂಟರ್‌ನಲ್ಲಿ ಹಾಗೇ ಬರುತ್ತೆ."

ಡಬ್ಲ್ಯುಎಸ್‌ಯುಎಸ್ ಕೆಟ್ಟದ್ದಲ್ಲ, ಈಗಲೂ ನಡೆಯುತ್ತೆ. ನೀವೇ ಹಾಕಿಕೊಳ್ಳಿ. ಟೆಸ್ಟ್‌ಗೆ ಒಂದು ಗ್ರೂಪ್, ಲ್ಯಾಬ್‌ಗೊಂದು ಗ್ರೂಪ್ ಮಾಡಿ, ಅಪ್ರೂವಲ್ ನಿಮ್ಮ ಕೈಯಲ್ಲಿರಲಿ. ಪಿಸಿ ಕಡಿಮೆ ಇದ್ದರೆ ಸರ್ವರ್ ಕೂಡ ಬೇಡ. ವಿಂಡೋಸ್‌ನ ಡೆಲಿವರಿ ಆಪ್ಟಿಮೈಸೇಷನ್ ಪಕ್ಕದ ಪಿಸಿಯಿಂದಲೇ ಅಪ್‌ಡೇಟ್ ತೆಗೆದುಕೊಳ್ಳುತ್ತೆ. ಪಿಸಿಯಲ್ಲಿ ವಿಂಡೋಸ್ ಪ್ರೊ ಇದ್ದರೆ ಅದರ ಗ್ರೂಪ್ ಪಾಲಿಸಿ ಅನ್ನುವ ಸೆಟ್ಟಿಂಗ್‌ನಲ್ಲಿ ತಿಂಗಳ ಅಪ್‌ಡೇಟನ್ನು 30 ದಿನದವರೆಗೆ ಮುಂದೂಡಬಹುದು. ಪರೀಕ್ಷೆ ಕಳೆಯಲು ಅಷ್ಟು ಸಾಕಲ್ವಾ? ಯಾರಾದರೂ "ನಮ್ಮದೇ ಸಾಫ್ಟ್‌ವೇರ್" ಅಂದರೆ ದುಡ್ಡು ಕೊಡುವ ಮೊದಲು ಆ 8530 ಹುಡುಕಿ.

ದುಡ್ಡು ವಾಪಸ್ ಕೇಳಿದ್ದೇವೆ. "ನೋಡೋಣ ಮೇಡಂ" ಅಂದವನು ಆಮೇಲೆ ಫೋನ್ ಎತ್ತಿಲ್ಲ. ಮುಂದಿನ ವರ್ಷದ ರಿನ್ಯೂವಲ್ ಕೊಟೇಶನ್ ಮಾತ್ರ ಬಂದಿದೆ, ರೇಟು ಜಾಸ್ತಿ ಮಾಡಿ.