ಗಾಣದ ಬೇವಿನೆಣ್ಣೆ, 1 ಲೀಟರ್ ಬಾಟಲಿ: ಬಿತ್ತನೆ ಕಾಳಿಗೆ ಸೈ, ಕಾಯಿಕೊರಕಕ್ಕೆ ದಂಡ

ಪುಣೆಯಲ್ಲಿ ಟೆರೇಸಿನ ಮೇಲೆ ಅವರೆ, ಅಲಸಂದೆ ಹಾಕುವವರಿಗೂ ಕಲಬುರಗಿ, ವಿಜಯಪುರ ಕಡೆಯಿಂದ ವರ್ಷದ ಕಾಳು ತರಿಸುವವರಿಗೂ ಈ ಮಾತು. ಹಲವು ಮಳೆಗಾಲ ಬಳಸಿದ ಮೇಲೆ ನನ್ನ ಅಂಕ: ಬಿತ್ತನೆ ಕಾಳು ಕಾಪಾಡಲು ಐದಕ್ಕೆ ನಾಲ್ಕೂವರೆ, ಗಿಡದ ಹೇನಿಗೆ ಮೂರು, ಕಾಯಿಕೊರಕಕ್ಕೆ ಒಂದು.

ಕಾಳಿನ ದುಂಬಿ ಸಿಪ್ಪೆಯ ಮೇಲೆ ಮೊಟ್ಟೆ ಅಂಟಿಸುತ್ತದೆ. ಬಿಳಿ ಚುಕ್ಕೆ ಬರಿಗಣ್ಣಿಗೇ ಕಾಣುತ್ತದೆ. ಎಣ್ಣೆ ಆ ಮೊಟ್ಟೆಗೆ ಗಾಳಿಯಾಡದಂತೆ ಮಾಡುತ್ತದೆ, ಹೊಸ ಮೊಟ್ಟೆ ಸರಿಯಾಗಿ ಅಂಟಲೂ ಬಿಡದು. ಮರಿ ಮಾತ್ರ ಮೊಟ್ಟೆಯ ಅಡಿಯಿಂದಲೇ ನೇರ ಕಾಳಿನೊಳಕ್ಕೆ ಕೊರೆಯುತ್ತದೆ, ಒಳಹೊಕ್ಕಿತೆಂದರೆ ಎಣ್ಣೆಯ ಆಟ ನಡೆಯುವುದಿಲ್ಲ. ‘ಎಣ್ಣೆ ಹಚ್ಚಿದರೂ ಹುಳ ಬಂತು’ ಎನ್ನುವವರಲ್ಲಿ ಹೆಚ್ಚಿನವರು ತಡವಾಗಿ ಹಚ್ಚಿದವರು. ಹೊಲದಲ್ಲೇ ಮೊಟ್ಟೆ ಬಿದ್ದಿರುತ್ತದೆ, ನಾಲ್ಕೈದು ದಿನಕ್ಕೆ ಒಡೆಯುತ್ತದೆ, ಬೆಚ್ಚಗಿದ್ದರೆ ತಿಂಗಳೊಳಗೆ ಹೊಸ ದುಂಬಿ ಹೊರಗೆ.

ಹಾಗಾಗಿ ಕಾಳು ಬಂದ ಕೂಡಲೇ ಜರಡಿ ಹಿಡಿದು, ಹಲ್ಲಿಗೆ ಕಟ್ಟೆನ್ನುವಷ್ಟು ಬಿಸಿಲಿಗೆ ಒಣಗಿಸಿ, ಪೂರ್ತಿ ಆರಲು ಬಿಡಿ. ಕೆ.ಜಿ.ಗೆ 5 ಮಿ.ಲೀ., ಅಂದರೆ ಒಂದು ಟೀ ಚಮಚ. ಎಲ್ಲವನ್ನೂ ರಾಶಿಯ ಮೇಲೆ ಸುರಿದರೆ ಅಲ್ಲಲ್ಲಿ ಮುದ್ದೆಯಾಗುತ್ತದೆ. ಮೊದಲು ಎರಡು ಹಿಡಿ ಕಾಳಿಗೆ ಉಜ್ಜಿ, ಆ ಕಾಳನ್ನು ಉಳಿದದ್ದಕ್ಕೆ ಬೆರೆಸಿ ಪ್ರತಿ ಕಾಳೂ ಮಿರುಗುವ ತನಕ ತಿಕ್ಕಿ. ಹೆಸರು ಸಣ್ಣ ಕಾಳು, ಮೈ ಹೆಚ್ಚು. ಅದಕ್ಕೆ ಚೂರು ಜಾಸ್ತಿ ಬೇಕು. ಕಡಲೆಯ ಸುಕ್ಕಿನಲ್ಲಿ ಎಣ್ಣೆ ಇಳಿಯದೆ ಉಳಿಯುವ ಜಾಗವಿದೆ, ಕೈ ಬಿಡದೆ ತಿಕ್ಕಬೇಕು.

ಅಡುಗೆಯ ಕಾಳಿಗೆ ಬೇವಿನೆಣ್ಣೆ ಬೇಡವೇ ಬೇಡ. ಕಹಿ ಹೋಗುವುದಿಲ್ಲ, ಎಳೆ ಮಕ್ಕಳ ಹೊಟ್ಟೆಗೆ ಸೇರಿದರೆ ಅಪಾಯ. ಇಲ್ಲಿನ ಮರಾಠಿ ಮನೆಗಳಲ್ಲಿ ತೊಗರಿಬೇಳೆಗೆ ಹಚ್ಚುವ ಎರಂಡೇಲ್, ನಮ್ಮ ಔಡಲೆಣ್ಣೆ, ಅದೇ ಅಳತೆಯಲ್ಲಿ ಸಾಕು. ಬೇಯಿಸುವ ಮುಂಚೆ ಬಿಸಿನೀರಲ್ಲಿ ತೊಳೆದರಾಯಿತು.

ಗಿಡದ ಹೇನಿಗೆ: 5 ಮಿ.ಲೀ. ಎಣ್ಣೆಗೆ ಮೊದಲು 1 ಮಿ.ಲೀ. ಸೋಪಿನ ದ್ರವ ಕಲಸಿ, ಸ್ವಲ್ಪ ಉಗುರುಬೆಚ್ಚಗಿನ ನೀರು ಹಾಕಿ ಹಾಲಿನಂತೆ ಮಾಡಿ, ಆಮೇಲೆ 1 ಲೀಟರಿಗೆ ಏರಿಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಗಡಸಾಗಿದ್ದರೆ ಸೋಪು ಮೊಸರಿನಂತೆ ಒಡೆದು ಹಳದಿ ಹನಿ ತೇಲುತ್ತವೆ. ಅದನ್ನೇ ಸಿಂಪಡಿಸಿದರೆ ಕೆಲವು ಎಲೆಗೆ ಬರೀ ನೀರು, ಕೆಲವಕ್ಕೆ ಬರೀ ಎಣ್ಣೆ, ಮರುದಿನ ಸುಟ್ಟ ಕಲೆ. ಅಂಥ ನೀರಿಗೆ ಅಂಟುವಾಳದ ನೀರು ಒಳ್ಳೆಯದು. ರೀಠಾ ಎಂದು ಕೇಳಿ. ಸಿಂಪಡಣೆ ಸಂಜೆಗೇ: ಬಿಸಿಲಿಗೆ ಅಜಾಡಿರಾಕ್ಟಿನ್, ಅಂದರೆ ಹುಳಕ್ಕೆ ಮದ್ದಾಗುವ ಬೇವಿನ ಸತ್ವ, ಬೇಗ ಹಾಳಾಗುತ್ತದೆ, ಹಗಲಲ್ಲಿ ಹೂವಿಗೆ ಜೇನು ಬರುತ್ತವೆ. ಎಲೆಯ ಅಡಿಗೆ ತಾಕದಿದ್ದರೆ ಹೇನು ಹಾಗೇ ಇರುತ್ತದೆ. ವಾರಕ್ಕೊಮ್ಮೆ ಮತ್ತೆ ಹೊಡೆಯಬೇಕು.

ಕಾಯಿಯೊಳಗೆ ಹೊಕ್ಕ ಕೊರಕಕ್ಕೆ ಇದು ತಲುಪುವುದೇ ಇಲ್ಲ. ಹೂ ಬಿಡುವಾಗಲೇ ಬೇವಿನ ಬೀಜದ ಕಷಾಯ ಹೊಡೆಯುವುದು ಮೇಲು: ಲೀಟರಿಗೆ 50 ಗ್ರಾಂ ತಿರುಳಿನ ಪುಡಿ, ರಾತ್ರಿ ನೆನೆಸಿ, ಬಟ್ಟೆಯಲ್ಲಿ ಸೋಸಿ, ಚೂರು ಸೋಪು.

ಬಾಟಲಿಯ ಬಗ್ಗೆ ಎರಡು ದೂರು. ಅಜಾಡಿರಾಕ್ಟಿನ್ ಎಷ್ಟು ಪಿಪಿಎಂ (ಹತ್ತು ಲಕ್ಷದಲ್ಲಿ ಎಷ್ಟು ಪಾಲು) ಎಂದು ಲೇಬಲ್ಲಿನಲ್ಲಿಲ್ಲ. ಪಾರದರ್ಶಕ ಪ್ಲಾಸ್ಟಿಕ್ ಬೇರೆ. ಕತ್ತಲ ಕಪಾಟಿನಲ್ಲೇ ಇಡಬೇಕು. ಡಿಸೆಂಬರಿನ ಚಳಿಗೆ ಗಟ್ಟಿಯಾಗುವುದು ದೋಷವಲ್ಲ, ಬಿಸಿನೀರಲ್ಲಿ ನಿಲ್ಲಿಸಿದರೆ ಕರಗುತ್ತದೆ. 1 ಲೀಟರ್ ಅಂದರೆ 200 ಕೆ.ಜಿ. ಕಾಳಿಗಾಗುವಷ್ಟು, ಮನೆ ಬಳಕೆಗೆ ಕಾಲು ಲೀಟರಿನದು ಸಿಕ್ಕರೆ ಅದನ್ನೇ ಕೊಳ್ಳಿ.