ಮೂರು ವರ್ಷದಿಂದ ನಮ್ಮ ಝೋನ್‌ಗಳನ್ನು ಕಾಯುತ್ತಿರುವ ಅಪ್‌ಟೈಮ್ ಕುಮಾ

ನಮ್ಮ ಸಾಫ್ಟ್‌ವೇರ್ ಬಳಸುವವರು ಹಳ್ಳಿಯ ಹಾಲಿನ ಡೇರಿಗಳವರು. ಬೆಳಿಗ್ಗೆ ಆರರಿಂದ ಎಂಟರ ತನಕ ರೈತರು ಕ್ಯಾನ್ ಹಿಡಿದು ಸಾಲಿನಲ್ಲಿ ನಿಂತಿರುತ್ತಾರೆ. ಆಗ ಸರ್ವರ್ ಕೈಕೊಟ್ಟರೆ ಚೀಟಿ ಬರುವುದಿಲ್ಲ. ಫ್ಯಾಟ್ ಎಷ್ಟು, ದುಡ್ಡೆಷ್ಟು ಅಂತ ಯಾರಿಗೂ ಗೊತ್ತಾಗುವುದಿಲ್ಲ. ಅದಕ್ಕೇ ನಮ್ಮ ಕ್ಲೌಡ್ ಕಂಪನಿಯ ಮುಂಬೈ ರೀಜನ್‌ನ, ಅಂದರೆ ಅಲ್ಲಿನ ಡೇಟಾ ಸೆಂಟರ್‌ಗಳ ಗುಂಪಿನ, ಎರಡು ಝೋನ್‌ಗಳಲ್ಲಿ ಸರ್ವರ್ ಇಟ್ಟಿದ್ದೇವೆ. ಝೋನ್ ಅಂದರೆ ಆ ಗುಂಪಿನೊಳಗೆ ಬೇರೆಯಾಗಿ ನಡೆಯುವ ಒಂದು ಭಾಗ; ಒಂದು ಬಿದ್ದರೂ ಇನ್ನೊಂದು ನಡೆಯಲಿ ಅಂತ.

ಅವನ್ನು ಕಾಯುವುದು ಅಪ್‌ಟೈಮ್ ಕುಮಾ. 2021ರಲ್ಲಿ ಬಂದ ಓಪನ್ ಸೋರ್ಸ್ ಸಾಫ್ಟ್‌ವೇರ್, ದುಡ್ಡು ಕೊಡಬೇಕಿಲ್ಲ. ಡಾಕರ್ (ಸಾಫ್ಟ್‌ವೇರನ್ನು ಬೇಕಾದದ್ದೆಲ್ಲದರ ಜೊತೆ ಕಟ್ಟಿ ಓಡಿಸುವ ಸಾಧನ) ಗೊತ್ತಿದ್ದರೆ ಹಾಕುವುದು ಹತ್ತು ನಿಮಿಷದ ಕೆಲಸ. ಬ್ರೌಸರ್‌ನಲ್ಲಿ 3001ನೇ ಪೋರ್ಟ್ ತೆರೆದರೆ ಪ್ರತಿ ಸರ್ವರ್‌ಗೂ ಹಸಿರು ಗೀಟುಗಳ ಸಾಲು ಕಾಣುತ್ತದೆ. ಸರ್ವರ್ ಉತ್ತರ ಕೊಡದಿದ್ದರೆ ಗೀಟು ಕೆಂಪಾಗುತ್ತದೆ, ಟೆಲಿಗ್ರಾಂಗೆ ಮೆಸೇಜ್ ಬರುತ್ತದೆ.

ಮೊದಲ ವರ್ಷ ಲೋಡ್ ಬ್ಯಾಲೆನ್ಸರ್‌ನ (ಬಂದ ಕೆಲಸವನ್ನು ಎರಡೂ ಝೋನ್‌ಗಳ ಸರ್ವರ್‌ಗಳಿಗೆ ಹಂಚುವುದು) ವಿಳಾಸ ಒಂದನ್ನೇ ಕಾಯುತ್ತಿದ್ದೆವು. ಅದು ಸಾಲದು. ಒಂದು ಝೋನ್ ಬಿದ್ದರೆ ಬ್ಯಾಲೆನ್ಸರ್ ಎಲ್ಲವನ್ನೂ ಇನ್ನೊಂದಕ್ಕೆ ತಿರುಗಿಸುತ್ತದೆ, ಗೀಟು ಹಸಿರಾಗಿಯೇ ಇರುತ್ತದೆ. ಒಂಟಿಕಾಲಲ್ಲಿ ನಿಂತಿದ್ದೇವೆ ಅಂತ ನಮಗೇ ಗೊತ್ತಾಗುವುದಿಲ್ಲ, ಅಲ್ವಾ? ಈಗ ಝೋನ್‌ಗೊಂದು ಮಾನಿಟರ್, ಬ್ಯಾಲೆನ್ಸರ್‌ಗೆ ಬೇರೊಂದು. 20 ಸೆಕೆಂಡಿಗೊಮ್ಮೆ ತಪಾಸಣೆ, ರೀಟ್ರೈ 2, ಅಂದರೆ ಉತ್ತರ ಬಾರದಿದ್ದರೆ ಇನ್ನೆರಡು ಸಲ ನೋಡಿ ಆಮೇಲೆ ಅಲರ್ಟ್. ರೀಟ್ರೈ ಹಾಕದೆ ಇದ್ದಾಗ ನೆಟ್‌ವರ್ಕ್ ಕ್ಷಣ ತಡವರಿಸಿದರೂ ಸುಮ್ನೆ ರಾತ್ರಿ ಎರಡಕ್ಕೆ ಫೋನ್ ಕೂಗುತ್ತಿತ್ತು.

ಹೋದ ಮಳೆಗಾಲದಲ್ಲಿ ಒಂದು ದಿನ ಬೆಳಿಗ್ಗೆ 6:12ಕ್ಕೆ ಒಂದು ಝೋನ್ ಕೆಂಪಾಯಿತು. ನಮ್ಮ ಕ್ಲೌಡ್ ಕಂಪನಿಯ ಸ್ಟೇಟಸ್ ಪುಟ ಮಾತ್ರ ಇನ್ನೂ 40 ನಿಮಿಷ ಎಲ್ಲ ಸರಿಯಿದೆ ಅಂತಲೇ ತೋರಿಸಿತು. ಅಷ್ಟರಲ್ಲಿ ನಾವು ಉಳಿದ ಝೋನ್‌ನಲ್ಲಿ ಇನ್ನೊಂದು ಸರ್ವರ್ ಎಬ್ಬಿಸಿ ಆಗಿತ್ತು. ಡೇರಿಗಳಿಂದ ಒಂದೂ ಫೋನ್ ಬರಲಿಲ್ಲ. ಆ ಬೆಳಿಗ್ಗೆಯಿಂದ ಈ ಸಾಫ್ಟ್‌ವೇರ್ ಮೇಲೆ ನನಗೆ ತುಂಬಾ ನಂಬಿಕೆ.

ಇದರ ದೊಡ್ಡ ಕೊರತೆ ಏನೆಂದರೆ, ಕುಮಾ ತಾನು ಕೂತ ಜಾಗದಿಂದ ಮಾತ್ರ ನೋಡುತ್ತದೆ. ಅದಿರುವ ಝೋನ್ ಹೋದರೆ ಅದೂ ಹೋಯಿತು, ಅಲರ್ಟ್ ಕೊಡುವವರೇ ಇಲ್ಲ. ಅದೇ ರೀಜನ್‌ನ ಪಕ್ಕದ ಝೋನ್‌ನಲ್ಲಿ ಇಡುವುದೂ ಬೇಡ. 2023ರ ಏಪ್ರಿಲ್‌ನಲ್ಲಿ ಪ್ಯಾರಿಸ್‌ನ ಗೂಗಲ್ ಕ್ಲೌಡ್ ಡೇಟಾ ಸೆಂಟರ್ ಒಂದರಲ್ಲಿ ನೀರು ಸೋರಿ ಬೆಂಕಿ ಹೊತ್ತಿಕೊಂಡಾಗ ಪೆಟ್ಟು ತಿಂದದ್ದು ಆ ಒಂದು ಝೋನ್ ಮಾತ್ರ ಅಲ್ಲ, ಇಡೀ ರೀಜನ್‌ನ ಕೆಲವು ಸೇವೆಗಳೂ ಸ್ವಲ್ಪ ಹೊತ್ತು ನಿಂತಿದ್ದವು. ಕಾವಲಿನವನು ಬೇರೆ ಊರಲ್ಲಿ, ಬೇರೆ ಕಂಪನಿಯ ಸರ್ವರ್‌ನಲ್ಲಿ ಇರಲಿ.

ಎಡಬ್ಲ್ಯೂಎಸ್ (ಅಮೆಜಾನ್‌ನ ಕ್ಲೌಡ್) ಮುಂಬೈಯಲ್ಲಿ ಎರಡು ಅಕೌಂಟ್ ಇಟ್ಟುಕೊಂಡವರಿಗೆ ಇನ್ನೊಂದು ಮಾತು. ಒಂದು ಅಕೌಂಟಿನ '1ಎ' ಝೋನೇ ಇನ್ನೊಂದರ '1ಎ' ಆಗಿರಬೇಕೆಂದಿಲ್ಲ. ಎಲ್ಲ ಅಕೌಂಟಿಗೂ ಒಂದೇ ಆಗಿರುವ ಝೋನ್ ಐಡಿ ನೋಡಿ ಮಾನಿಟರ್‌ಗೆ ಹೆಸರಿಡಿ.

ನಮ್ಮ ಕುಮಾ ಈಗ ಬೆಂಗಳೂರಿನ ಒಂದು ಪುಟ್ಟ ಸರ್ವರ್‌ನಲ್ಲಿದೆ. ಇನ್ನೊಂದನ್ನು ಮನೆಯ ರಾಸ್ಪ್‌ಬೆರಿ ಪೈ ಅನ್ನುವ ಪುಟಾಣಿ ಕಂಪ್ಯೂಟರ್‌ನಲ್ಲಿ ಹಾಕಿದ್ದೇನೆ, ಅದು ಮೊದಲನೆಯದನ್ನು ಕಾಯುತ್ತದೆ. ಮನೆಯ ಪೈ ನಿಮಿಷಕ್ಕೊಮ್ಮೆ ಬೆಂಗಳೂರಿನ ಕುಮಾಗೆ 'ಇದ್ದೇನೆ' ಅಂತ ಪುಶ್ ಕಳಿಸುತ್ತದೆ. ಮನೆಯಲ್ಲಿ ಕರೆಂಟು ಹೋಗಿ ಪುಶ್ ನಿಂತರೆ ಬೆಂಗಳೂರಿನ ಕುಮಾದಿಂದ ನನಗೆ ಮೆಸೇಜ್ ಬರುತ್ತದೆ.