ಕೋಹಾ: ದುಡ್ಡಿಲ್ಲದ ಲೈಬ್ರರಿಗೆ ಸರಿಯಾದ ಸಾಫ್ಟ್‌ವೇರ್

ನಮ್ಮ ಕಾಲೇಜ್ ಲೈಬ್ರರಿಗೆ ಕೋಹಾ (ಪುಸ್ತಕದ ಪಟ್ಟಿ, ಕೊಟ್ಟಿದ್ದು-ತಗೊಂಡಿದ್ದು ಎಲ್ಲ ನೋಡ್ಕೊಳೋ ಫ್ರೀ ಸಾಫ್ಟ್‌ವೇರ್) ಹಾಕ್ಕೊಂಡು ಎರಡು ವರ್ಷ ಆಯ್ತು, ಫ್ರೀ ಅಂದ್ರೆ ಏನೋ ಕಾಟಾಚಾರದ್ದಿರ್ಬೇಕು ಅನ್ಕೊಂಡಿದ್ದೆ, ಲೆಕ್ಕ ತಪ್ಪಾಯ್ತು. 2000ನೇ ಇಸವೀಲಿ ನ್ಯೂಜಿಲೆಂಡಿನ ಲೈಬ್ರರಿಯೊಂದರಲ್ಲಿ ಶುರುವಾಗಿದ್ದು, ಮಾವೋರಿ ಭಾಷೇಲಿ ಕೋಹಾ ಅಂದ್ರೆ ಉಡುಗೊರೆ. ಪುಸ್ತಕದ ಐಎಸ್‌ಬಿಎನ್ ನಂಬರ್ ಹೊಡೆದು ಝಡ್39.50 (ಬೇರೆ ಲೈಬ್ರರಿಗಳ ಕ್ಯಾಟಲಾಗಲ್ಲಿ ಹುಡುಕೋ ವ್ಯವಸ್ಥೆ) ಸರ್ಚ್ ಕೊಟ್ರೆ ಹೊರಗಿನ ಕ್ಯಾಟಲಾಗಿಂದ ಹೆಸರು, ಲೇಖಕರು ಅಂತ ಪುಸ್ತಕದ ಇಡೀ ರೆಕಾರ್ಡೇ ಬಂದು ಕೂತ್ಕೊಳತ್ತೆ, ಇಂಗ್ಲಿಷ್ ಪುಸ್ತಕಕ್ಕೆ ಎರಡು ನಿಮಿಷ ಸಾಕು. ಕನ್ನಡದ್ದೇ ತಲೆನೋವು, ಸಿಕ್ರೂ ಎಷ್ಟೋ ಸಲ ಹೆಸರು ರೋಮನ್ ಲಿಪೀಲಿ, ತಲೆ ಮೇಲೆ ಗೆರೆ ಕಾಲಡಿ ಚುಕ್ಕಿ ಇಟ್ಕೊಂಡು ಬರತ್ತೆ, ಕೂತು ಯೂನಿಕೋಡಲ್ಲಿ ಟೈಪ್ ಮಾಡ್ಬೇಕು. ಯೂನಿಕೋಡ್ ಅಲ್ಲದ ಹಳೇ ನುಡಿ ಫೈಲಿಂದ ನೇರ ಅಂಟಿಸೋಕೆ ಹೋಗ್ಬೇಡಿ, ಚಿತ್ರಾನ್ನ ಆಗತ್ತೆ. ಕೋಹಾ ಓಡೋದು ಲಿನಕ್ಸ್ ಮೇಲೆ, ಅದು ಗೊತ್ತಿರೋರು ಒಬ್ರು ಜೊತೇಲಿರ್ಲಿ, ಬ್ಯಾಕಪ್ಪು ದಿನಾ ಬೇರೆ ಡಿಸ್ಕಿಗೂ ಹಾಕಿ (ಒಂದ್ಸಲ ಮರೆತು 300 ಪುಸ್ತಕ ಮತ್ತೆ ಎಂಟ್ರಿ ಮಾಡಿದೀನಿ, ಬೆರಳು ಇನ್ನೂ ನೋಯತ್ತೆ).